ಒಮ್ಮೆ ಅಂದರೆ ತಗೊಳ್ಳದವರು

ನನ್ನ ಮದುವೆಯ ದಿನ ಕೆಂಭಾವಿಯ ಹಂದರದಲ್ಲಿ ಅಕ್ಕಿಕಾಳು ಹಾಕಲು ಬಂದ ಜಹೀರುನ್ನೀಸಾ ಟೀಚರ್ ನನ್ನ ಕಿವಿಯ ಹತ್ತಿರ ಬಗ್ಗಿ, "ನಿನ್ನ ಬಾಯಾಗ ಇಂಗ್ಲಿಷ್ ಆಡಸದ ನಾ ಬಿಡಂಗಿಲ್ಲ ಅಮೃತಾ. ಇವತ್ತಲ್ಲ ನಾಳಿ, ಆಗತದ ತಗೋ" ಎಂದು ಮಾತು ಕೊಟ್ಟಿದ್ದರು. ಆ ವರ್ಷ ನಾನು ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದೆ. ಮತ್ತೆ ಪರೀಕ್ಷೆ ಕಟ್ಟಿಸಿರಿ, ನಾನು ಹೇಳಿಕೊಡುತ್ತೇನೆ ಎಂದು ಟೀಚರ್ ನಮ್ಮ ಮನೆಗೆ ಎರಡು ಸಲ ನಡೆದು ಬಂದರು. ಅಷ್ಟರಲ್ಲಿ ಅಪ್ಪ ಸುರಪುರದ ಹುಡುಗನನ್ನು ನೋಡಿ ಬಂದಿದ್ದ. ಹಂದರದಲ್ಲಿ ನಾನು ಅಳುತ್ತಿದ್ದುದನ್ನು ನೋಡಿದವರೆಲ್ಲ ತವರು ಬಿಡುವ ದುಃಖ ಅಂದುಕೊಂಡರು. ಓದು ನಿಂತಿತಲ್ಲ ಎಂದು ಅಳುತ್ತಿದ್ದೇನೆ ಎಂಬುದು ಟೀಚರ್ ಒಬ್ಬರಿಗೇ ಗೊತ್ತಿತ್ತು.

ಆಮೇಲೆ ಆ ಮಾತನ್ನು ನಾನು ಮರೆತೇಬಿಟ್ಟೆ. ಮರೆಯದೆ ಇರಲು ಪುರಸೊತ್ತಾದರೂ ಎಲ್ಲಿತ್ತು? ಗಂಡ ಸಂಜೀವಕುಮಾರ ಸುರಪುರ-ಕೆಂಭಾವಿ ದಾರಿಯಲ್ಲಿ ಟಂಟಂ ಆಟೊ ಓಡಿಸುತ್ತಾನೆ. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ. ಕೋಳಿ ಕೂಗುವ ಮೊದಲು ಒಲೆ ಹಚ್ಚಿದರೆ ಬಿಸಿಲು ಏರುವವರೆಗೂ ತಲೆ ಎತ್ತುವಂತಿಲ್ಲ. ಬಲಗೈಯ ಭುಜ ಈಗ ಸಂಜೆ ಹೊತ್ತಿಗೆ ನನ್ನ ಮಾತು ಕೇಳುವುದಿಲ್ಲ. ಜಡೆ ಹಾಕಿಕೊಳ್ಳಲೂ ಮಗಳು ದುರ್ಗಾದೇವಿಯೇ ಬೇಕು.

ಒಂದು ದಿನ ಬಾಗಿಲಲ್ಲಿ, "ರೊಟ್ಟಿ ಅದಾವೇನವ್ವಾ?" ಎಂಬ ದನಿ ಕೇಳಿತು. ಕತ್ತೆತ್ತಿದರೆ ಟೀಚರ್. ಕೂದಲು ಪೂರಾ ಬಿಳಿಯಾಗಿತ್ತು, ಕೈಯಲ್ಲಿ ಕೋಲಿತ್ತು. ನಿವೃತ್ತಿಯಾಗಿ ರಂಗಂಪೇಟೆಯಲ್ಲಿ ಮನೆ ಮಾಡಿದ್ದರಂತೆ. ಅವರು ನನ್ನನ್ನು ಗುರುತು ಹಿಡಿದು ಮೊದಲು ಕೇಳಿದ್ದು ಗಂಡನ ಬಗ್ಗೆ ಅಲ್ಲ, ಮಕ್ಕಳ ಬಗ್ಗೆಯೂ ಅಲ್ಲ.

"ಏನ ಅಮೃತಾ, ಇಂಗ್ಲಿಷ್ ಹೆಂಗದ?"

"ನೀವು ಎಲ್ಲಿ ಬಿಟ್ಟಿದ್ರಿ ಅಲ್ಲೇ ಕುಂತದರೀ ಟೀಚರ್."

ಅವರು ಬಾಗಿಲಿಗೆ ಒರಗಿ ನಕ್ಕರು. ರೊಟ್ಟಿ ಕಟ್ಟಿಸಿಕೊಂಡು ಹೋದರು. ಆವತ್ತು ಅಷ್ಟೇ.

ಆ ಬೇಸಿಗೆಗೆ ದುರ್ಗಿ ಐದನೆಯ ತರಗತಿ ಮುಗಿಸಿದ್ದಳು. ಯಾದಗಿರಿಯಲ್ಲಿ ಒಂದು ವಸತಿ ಶಾಲೆಯಿದೆ, ಹತ್ತನೆಯವರೆಗೆ ಊಟ, ಬಟ್ಟೆ, ಪುಸ್ತಕ ಎಲ್ಲ ಅವರದೇ. ಅವಳ ಮಾಸ್ತರರು ಪರೀಕ್ಷೆಗೆ ಕೂರಿಸಿದ್ದರು, ಹುಡುಗಿ ಪಾಸಾದಳು. ಇನ್ನು ಸಂದರ್ಶನ ಒಂದು ಉಳಿದಿತ್ತು. ಮಗುವಿನ ಜೊತೆ ತಾಯಿಯೋ ತಂದೆಯೋ ಬರಬೇಕು ಎಂದು ಫೋನು ಬಂತು.

ಆ ಸೀಟು ನನಗೆ ಯಾಕೆ ಅಷ್ಟು ಬೇಕಾಗಿತ್ತು ಎಂದರೆ, ನಮ್ಮ ಓಣಿಯ ಹುಡುಗಿಯರು ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆ ತಪ್ಪಿಸುತ್ತಾರೆ, ಆಮೇಲೆ ತಪ್ಪಿಸಿದ್ದೇ ರೂಢಿಯಾಗುತ್ತದೆ. ದುರ್ಗಿ ಹೊಲಕ್ಕೆ ಹೋಗುತ್ತಿರಲಿಲ್ಲ, ನಿಜ. ಆದರೆ ನನ್ನ ಭುಜ ನೋಡಿ ತಾನಾಗಿಯೇ ಹಿಟ್ಟಿಗೆ ಕೈ ಹಾಕಲು ಶುರುಮಾಡಿದ್ದಳು. ಅವಳು ಬಡಿದ ರೊಟ್ಟಿ ನನ್ನದಕ್ಕಿಂತ ದುಂಡಗೆ ಬರುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನಾನು ಹಿಟ್ಟನ್ನು ನನ್ನ ಕಡೆ ಎಳೆದುಕೊಳ್ಳುತ್ತಿದ್ದೆ.

ಪಕ್ಕದ ಮನೆಯ ಚಮನಬೀ ಬಳೆ ಮಾರಲು ನಾಲ್ಕೂರು ತಿರುಗುವವಳು. ಅವಳು ಸುದ್ದಿ ತಂದಳು. "ಅಲ್ಲಿ ಬರೇ ಕೂಸಿನ್ನ ಕೇಳಂಗಿಲ್ಲಂತ. ಅವ್ವ-ಅಪ್ಪಗೂ ಇಂಗ್ಲಿಷಿನಾಗ ಕೇಳ್ತಾರಂತ."

ನನ್ನ ಗಂಡ ಕೈಮುಗಿದುಬಿಟ್ಟ. "ನಾ ಒಲ್ಲೆ ಮಾರಾಯ್ತಿ. ಪೊಲೀಸರು ಕನ್ನಡದಾಗ ಲೈಸನ್ಸ್ ಕೇಳಿದ್ರನ ನನ್ನ ನಾಲಿಗಿ ಒಣಗತದ. ನೀ ಹೋಗು, ನೀ ಇಂಗ್ಲಿಷಿನಾಗ ಫೇಲರ ಆಗೀದಿ. ನಾ ಪರೀಕ್ಷಾಕ್ಕ ಕುಂತಿಲ್ಲ."

ಹಾಗಾಗಿ ರಂಗಂಪೇಟೆಗೆ ಹೋದೆ. ಟೀಚರ್ ಪೂರ್ತಿ ಕೇಳಿಸಿಕೊಂಡರು. "ನಾಳಿಯಿಂದ ನಿಮ್ಮನಿಗೆ ಬರ್ತೀನಿ. ಒಲಿ ಬಿಟ್ಟು ನೀ ಬರೋದು ಆಗಂಗಿಲ್ಲ" ಎಂದರು.

"ಫೀ ಏನು ಕೊಡಲಿರೀ?"

"ತಲಿ ಕೆಟ್ಟದೇನು ನಿನಗ?"

"ಹಂಗಾದ್ರ ಮುಯ್ಯಾಳು ಮಾಡೂಣ್ರಿ. ನೀವು ನನಗ ಕಲಿಸ್ರಿ, ನಿಮ್ಮ ಮನಿ ರೊಟ್ಟಿ ನಂದು."

ಹೊಲದ ಕೆಲಸದಲ್ಲಿ ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಬರುವುದನ್ನು ನಮ್ಮ ಕಡೆ ಮುಯ್ಯಾಳು ಅನ್ನುತ್ತೇವೆ. ಅದರಲ್ಲಿ ಯಾರೂ ಯಾರಿಗೂ ಕೂಲಿಯವರಲ್ಲ. ಟೀಚರ್ ಬೇಡ ಬೇಡ ಎಂದು, ಕೊನೆಗೆ ಹೂಂ ಎಂದರು.

ಮೊಣಕಾಲು ಮಡಚಲು ಬಾರದ್ದರಿಂದ ಅವರು ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ನಾನು ಒಲೆಯ ಮುಂದೆ, ದುರ್ಗಿ ನಡುವೆ.

"ಎಲ್ಲಾ ಕಲಿಸಾಕ ಅಷ್ಟು ದಿನ ಇಲ್ಲ. ಒಂದೇ ಕ್ರಿಯಾಪದ ಹಿಡಿಯೂಣು. ಟೇಕ್" ಎಂದರು.

"ಒಂದರಾಗ ಏನಾಗತದರೀ?"

"ಜ್ವಾಳ ಒಂದೇ ಅಲ್ಲೇನು? ಅದರಾಗ ರೊಟ್ಟಿ ಆಗತದ, ನುಚ್ಚಾಗತದ, ಅಂಬಲಿ ಆಗತದ. ಇದೂ ಹಂಗ. ಬಸ್ ಹತ್ತೋದೂ ಟೇಕ್, ಗುಳಿಗಿ ನುಂಗೋದೂ ಟೇಕ್, ಪರೀಕ್ಷಾಕ್ಕ ಕುಂದ್ರೋದೂ ಟೇಕ್. ಜಳಕಾ ಮಾಡೋದೂ ಟೇಕ್."

ದುರ್ಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಜಳಕಾ ಯಾರರ ತಗೋತಾರೇನ್ರಿ ಟೀಚರ್?"

"ಏ ಹುಡುಗಿ, ನೀ ಬಾಗಲಾ ತಗೀತಿ, ಜಗಳಾ ತಗೀತಿ, ಫೋಟೋ ತಗೀತಿ. ಯಾಕಂತ ಇಂಗ್ಲಿಷಿನವರು ಬಂದು ಕೇಳ್ಯಾರೇನು? ನಮ್ಮ ಮನಿ ಮಾತಿನಾಗ ದಣಿದು ಬಂದವರಿಗೆ 'ದಮ್ ಲೇ' ಅಂತೀವಿ, ಉಸುರು ತಗೋ ಅಂತ. ದಮ್ಮು ಯಾವ ಅಂಗಡ್ಯಾಗ ಸಿಗತದ? ಭಾಷಾ ಅಂದ್ರ ಹಂಗ ಇರತದ, ಅದಕ್ಕ ವಕೀಲಕಿ ಮಾಡಬಾರದು."

ಹೀಗೆ ದಿನಕ್ಕೆ ಒಂದೋ ಎರಡೋ. ವಿಮಾನ ಮೇಲೇರುವುದು ಟೇಕ್ ಆಫ್, ಮನೆಯೊಳಗೆ ಬರುವಾಗ ಚಪ್ಪಲಿ ಬಿಡುವುದೂ ಟೇಕ್ ಆಫ್ ಎಂದು ಟೀಚರ್ ಹೇಳಿದ ದಿನ, ಹೊರಗೆ ಗಾಡಿ ಒರೆಸುತ್ತಿದ್ದ ನನ್ನ ಗಂಡ ಕೂಗಿ ಹೇಳಿದ. "ನಮ್ಮ ಟಂಟಂ ಟೇಕ್ ಆಫ್ ಆಗಬೇಕಂದ್ರ ಹಿಂದಿಂದ ನಾಕ ಮಂದಿ ನೂಕಬೇಕ್ರಿ ಟೀಚರ್!"

ಟೇಕ್ ಆಫ್ಟರ್ ಅಂದರೆ ಹೋಲುವುದು. ಟೀಚರ್ ಉದಾಹರಣೆ ಕೊಟ್ಟರು. ದುರ್ಗಿ ಟೇಕ್ಸ್ ಆಫ್ಟರ್ ಅಮೃತಾ.

"ಬ್ಯಾಡ್ರಿ. ನನ್ನಂಗ ಆಗೋದು ಬ್ಯಾಡ" ಎಂದೆ. ನನ್ನ ದನಿ ಎಂಥದ್ದಿತ್ತೋ, ದುರ್ಗಿ ಪುಸ್ತಕದಿಂದ ತಲೆ ಎತ್ತಿದಳು.

"ಮಾರಿ ಹೋಲ್ತಾಳ ಅಂದೆ, ಹಣೀಬರ ಅಲ್ಲ" ಎಂದು ಟೀಚರ್ ಮುಂದಿನದಕ್ಕೆ ಹೋದರು.

ಟೇಕ್ ಫಾರ್ ಗ್ರಾಂಟೆಡ್ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಟೀಚರ್ ಸುತ್ತ ನೋಡಿ ಹೇಳಿದರು. "ನೀ ದಿನಾ ಮುಂಜಾನೆ ಒಲಿ ಹಚ್ಚತಿ. ನಿನ್ನ ಗಂಡ ಬಂದು ಉಣ್ತಾನ, ಕೈ ತೊಳಕೊಂಡು ಹೋಗ್ತಾನ. ಒಮ್ಮಿನರ 'ಛಲೋ ಆಗೇದ' ಅಂದಾನೇನು? ಇಲ್ಲಲ್ಲ? ಒಲಿ ಹತ್ತೇ ಹತ್ತತದ, ರೊಟ್ಟಿ ಬಂದೇ ಬರತದ ಅಂತ ತಿಳಕೊಂಡಾನ. ಅದಾ ಇದು." ಮರುದಿನ ಊಟಕ್ಕೆ ಕೂತ ನನ್ನ ಗಂಡ ಟೀಚರಿಗೆ ಕೇಳುವ ಹಾಗೆ, "ರೊಟ್ಟಿ ಭಾಳ ಛಲೋ ಆಗ್ಯಾವ!" ಎಂದ.

"ಹೇಳಿಸಿಕೊಂಡು ಅಂದದ್ದು ಲೆಕ್ಕಕ್ಕಿಲ್ಲ ಸಂಜೀವಕುಮಾರ" ಎಂದರು ಟೀಚರ್.

ನಾನು ಹಿಟ್ಟು ನಾದುತ್ತಾ, ಬಡಿಯುತ್ತಾ, ತಿರುವಿ ಹಾಕುತ್ತಾ ಬಾಯಲ್ಲಿ ಅದೇ ಮಾತು ಆಡಿಕೊಳ್ಳುತ್ತಿದ್ದೆ. ಟೇಕ್ ಕೇರ್, ಟೇಕ್ ರೆಸ್ಟ್, ಟೇಕ್ ಯುವರ್ ಟೈಮ್. ಕೆಲವು ರೊಟ್ಟಿ ಕರಕಲಾದವು. ಖಾನಾವಳಿಯ ರಾಮಲಿಂಗ ಒಂದನ್ನು ಎತ್ತಿ ಹಿಡಿದು, "ಏನ್ ಅಕ್ಕೋರ, ಇವತ್ತ ಇಂಗ್ಲಿಷಿನಾಗ ಬೆಂದಾವೇನು?" ಎಂದ. ಆದರೂ ವಾಪಸು ಕಳಿಸಲಿಲ್ಲ. ಆ ದಿನಗಳಲ್ಲಿ ಎಲ್ಲರೂ ಒಂದೊಂದು ಕೈ ಹಚ್ಚಿದರು. ಸಂದರ್ಶನದ ದಿನ ಬಡಿಯಬೇಕಾದ ರೊಟ್ಟಿಯನ್ನು ಚಮನಬೀ ತನ್ನ ಬಳೆಯ ಬುಟ್ಟಿ ಮೂಲೆಗಿಟ್ಟು ತಾನೇ ಬಡಿದಳು.

ಆ ಬೆಳಿಗ್ಗೆ ದುರ್ಗಿಗೆ ಎರಡು ಜಡೆ ಹಾಕುತ್ತಾ ನಾನು ನನ್ನ ಅವ್ವ ನನಗೆ ಹೇಳಿದ್ದನ್ನೇ ಹೇಳಿದೆ. "ದೊಡ್ಡವರ ಮುಂದ ಹೊಂಟೀವಿ. ಏನರ ಕೊಟ್ರ ಒಮ್ಮೆ ಅಂದಕೂಡ್ಲೆ ಕೈ ಚಾಚಬ್ಯಾಡ. ಹಸಗೊಂಡು ಬಂದಾರ ಅಂತಾರ."

"ಗೊತ್ತದ ಯವ್ವಾ" ಎಂದಳು. ಗೊತ್ತಿಲ್ಲದೆ ಏನು? ನಮ್ಮಲ್ಲಿ ಮಕ್ಕಳು ನಡೆಯುವುದಕ್ಕೆ ಮೊದಲು ಅದನ್ನು ಕಲಿತಿರುತ್ತಾರೆ. ಬಂದವರಿಗೆ ಚಹಾ ಬೇಕೇ ಅಂದರೆ ಮೊದಲು ಬೇಡ ಅನ್ನಬೇಕು. ಎರಡನೆಯ ಸಲವೂ ಬೇಡ. ಮೂರನೆಯ ಸಲ ಕೈಹಿಡಿದು ಕೂರಿಸಿದರೆ, ಅಷ್ಟು ಅಂದ ಮೇಲೆ ಹೇಗೆ ಬಿಡುವುದು ಎಂಬ ಹಾಗೆ ಬಟ್ಟಲು ತಗೊಳ್ಳಬೇಕು. ಕೊಡುವವರಿಗೂ ಇದು ಗೊತ್ತಿರುತ್ತದೆ.

ಶಹಾಪುರದಲ್ಲಿ ಬಸ್ಸು ಬದಲಿಸಿ, ಭೀಮಾ ಸೇತುವೆ ದಾಟಿ ಯಾದಗಿರಿ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಶಾಲೆಯ ಪಡಸಾಲೆಯಲ್ಲಿ ನಮ್ಮಂಥವರೇ ತುಂಬಿದ್ದರು. ಬಾಗಿಲಲ್ಲಿ ಖಾಜಾಮಿಯಾ ಎಂಬ ಹಿರಿಯ ಜವಾನ ಹೆಸರು ಕೂಗುತ್ತಿದ್ದ. ನಮ್ಮ ಹೆಸರು ಕೂಗಿದ.

ಒಳಗೆ ಮೇಜಿನ ಹಿಂದೆ ಒಬ್ಬ ಮೇಡಂ, ಅವರ ಪಕ್ಕ ಒಬ್ಬ ಸರ್. ಮೇಡಂ ನಕ್ಕು, "ಪ್ಲೀಸ್, ಟೇಕ್ ಯುವರ್ ಸೀಟ್ಸ್" ಎಂದರು.

ತಿಳಿಯಿತು! ಅವರ ಬಾಯಿಂದ ಬಿದ್ದ ಮೊದಲ ಮಾತೇ ನನಗೆ ತಿಳಿಯಿತು. ಒಳಗೆ ಬೆಲ್ಲ ಕರಗಿದಂತಾಯಿತು. "ನೋ ಮೇಡಂ, ಇಟ್ ಈಸ್ ಓಕೆ" ಎಂದು ನಿಂತೆ. ದುರ್ಗಿಯೂ ನಿಂತಳು. ಅವರು ಮತ್ತೆ ಅನ್ನಲಿಲ್ಲ. ಬಿಸ್ಕತ್ತಿನ ತಟ್ಟೆಯನ್ನು ಮುಂದೆ ಸರಿಸಿದರು. ದುರ್ಗಿ, "ನೋ ಮೇಡಂ, ಥ್ಯಾಂಕ್ಯೂ" ಎಂದಳು. ತಟ್ಟೆ ಹಿಂದಕ್ಕೆ ಹೋಯಿತು. ಗಣಿತದ ಪ್ರಶ್ನೆ ಕೇಳಿ "ಟೇಕ್ ಯುವರ್ ಟೈಮ್" ಎಂದರೆ, ಆ ಹುಡುಗಿ ಅದಕ್ಕೂ "ನೋ ಮೇಡಂ" ಎಂದು ತಕ್ಷಣ ಉತ್ತರ ಹೇಳಿದಳು. ಉತ್ತರ ಸರಿಯಿತ್ತು. ಸರ್ ತಲೆದೂಗಿದರು. ನನ್ನನ್ನು ಅವರು ಏನೂ ಕೇಳಲಿಲ್ಲ.

ಕೊನೆಗೆ ಮೇಡಂ ಪೆನ್ನು ಕೆಳಗಿಟ್ಟು, ಮಗುವಿನ ಮುಖವನ್ನೇ ನೋಡುತ್ತಾ ನಿಧಾನವಾಗಿ ಕೇಳಿದರು. ನಾವು ಈ ಸೀಟು ನಿನಗೆ ಕೊಟ್ಟರೆ, ವಿಲ್ ಯು ಟೇಕ್ ಇಟ್?

ದುರ್ಗಿ ಕಣ್ಣು ಕೆಳಗೆ ಹಾಕಿ, "ನೋ ಮೇಡಂ. ಇಟ್ ಈಸ್ ಓಕೆ" ಎಂದಳು.

ಎಷ್ಟು ಮರ್ಯಾದೆಯಿಂದ ಅಂದಳು ಎಂದು ನನಗೆ ಹೆಮ್ಮೆಯೇ ಆಯಿತು. ಮತ್ತೊಮ್ಮೆ ಕೇಳುತ್ತಾರೆಂದು ಇಬ್ಬರೂ ಕಾಯುತ್ತಾ ನಿಂತೆವು. ಮೇಡಂ ಸರ್ ಕಡೆ ನೋಡಿದರು. ಆಮೇಲೆ ಕಾಗದ ಮಡಚಿ ಪಕ್ಕಕ್ಕಿಟ್ಟು, "ಆಯ್ತಮ್ಮ. ನೀವು ಹೋಗಬಹುದು" ಎಂದರು.

ಹೊರಗೆ ಬಂದೆವು. ನನ್ನ ಮುಖದಲ್ಲಿ ಏನು ಕಂಡಿತೋ, ಖಾಜಾಮಿಯಾ ಹತ್ತಿರ ಬಂದ. "ಏನಂದ್ರವ್ವಾ ಒಳಗ?"

ಹೇಳಿದೆ. ಅವನು ಹಣೆಗೆ ಕೈ ಹೊಡೆದುಕೊಂಡ.

"ಅಯ್ಯೋ ತಂಗೀ, ಆ ಮೇಡಂನೋರು ಮೈಸೂರ ಕಡಿಯವರು! ಒಮ್ಮೆ ಬ್ಯಾಡಂದ್ರ ಬ್ಯಾಡಂತನಾ ತಿಳಕೋತಾರ. ಅವರು ಬಂದ ಮೊದಲನೇ ದಿನ 'ಖಾಜಾಮಿಯಾ, ಚಾ ಬೇಕಾ?' ಅಂದ್ರು. ನಾ ಬ್ಯಾಡ್ರಿ ಅಂದೆ. ಮತ್ತ ಇವತ್ತಿನ ತನಕಾ ಕೇಳಿಲ್ಲ, ನೋಡು! ಒಲ್ಲೆ ಅನ್ನೋ ಕೂಸನ್ನ ಅವರು ತಗೊಳ್ಳಂಗಿಲ್ಲ. ಹೋದ ವರ್ಷ ಮನಸಿಲ್ಲದ ಬಂದ ಇಬ್ಬರು ಹುಡುಗ್ರು ಓಡಿ ಹೋಗ್ಯಾರ."

ದುರ್ಗಿ ನನ್ನ ಸೆರಗು ಹಿಡಿದು ಜಗ್ಗಿದಳು. "ನೀನಾ ಹೇಳೀದಿ ಯವ್ವಾ, ಒಮ್ಮೆ ಅಂದಕೂಡ್ಲೆ ಕೈ ಚಾಚಬ್ಯಾಡಂತ. ನನಗ ಬೇಕಾಗಿತ್ತು. ನನಗ ಆ ಸೀಟ್ ಭಾಳ ಬೇಕಾಗಿತ್ತು."

ಬೇಡಿ ತಗೊಳ್ಳುವುದು ನಮ್ಮ ಮನೆಯಲ್ಲಿ ಯಾರೂ ಮಾಡಿದ್ದಲ್ಲ. ಕರೆಯದೆ ಒಳಗೆ ಹೋಗುವುದು, ಹೋಗಿ ಕೊಡಿ ಅನ್ನುವುದು. ಅವ್ವ ಇದ್ದಿದ್ದರೆ ಹಲ್ಲು ಕಚ್ಚಿಕೊಂಡು ಬಸ್ ಸ್ಟ್ಯಾಂಡಿಗೆ ನಡೆ ಅನ್ನುತ್ತಿದ್ದಳು. ಆದರೆ ಸುಮ್ಮನೆ ಹೋದರೆ ನಾಳೆ ಬೆಳಿಗ್ಗೆ ಒಲೆಯ ಮುಂದೆ ಇಬ್ಬರು ಕೂತಿರುತ್ತೇವೆ. ಮತ್ತೆ ಬಾಗಿಲಿನ ಕಡೆ ಹೆಜ್ಜೆ ಹಾಕಿದೆ.

"ಈಗ ಹೋಗಾಕ ಬರಂಗಿಲ್ಲ, ಒಳಗ ಮಂದಿ ಅದಾರ" ಎಂದ ಖಾಜಾಮಿಯಾ. ಆಮೇಲೆ ಗಡ್ಡ ಕೆರೆದುಕೊಂಡು, "ಅವರು ಹೊರಗ ಬಂದಕೂಡ್ಲೆ ನಾ ಮುಂದಿನ ಹೆಸರು ಜರಾ ಹುಡುಕತೀನಿ. ಹುಡುಕಾಕ ಹೊತ್ತು ಹಿಡೀತದ. ಚಷ್ಮಾ ಇಲ್ಲ ನನಗ" ಎಂದ. ಚಷ್ಮಾ ಅವನ ಜೇಬಿನಲ್ಲೇ ಇತ್ತು.

ಆ ಮಂದಿ ಹೊರಬಿದ್ದರು. ನಾನು ಒಳಗೆ ಹೋದೆ. ಮೇಡಂ ಹುಬ್ಬೇರಿಸಿದರು. ನಾನು ಬಾಯಿ ತೆರೆದೆ. ಬಂದದ್ದು ಇಂಗ್ಲಿಷ್.

"ಮೇಡಂ, ಎಕ್ಸ್‌ಕ್ಯೂಸ್ ಮಿ. ಮೈ ಡಾಟರ್ ಸೇ ನೋ. ಬಟ್ ನಾಟ್ ನೋ. ಅವರ್ ಸೈಡ್, ಫಸ್ಟ್ ಟೈಮ್ ನೋ ಟೇಕ್. ಸೆಕೆಂಡ್ ಟೈಮ್ ನೋ ಟೇಕ್. ಥರ್ಡ್ ಟೈಮ್, ಟೇಕ್. ಯು ಆಸ್ಕ್ ಓನ್ಲಿ ಒನ್ ಟೈಮ್. ಚೇರ್ ಆಲ್ಸೋ ಒನ್ ಟೈಮ್, ಬಿಸ್ಕಿಟ್ ಆಲ್ಸೋ ಒನ್ ಟೈಮ್. ಶಿ ವಾಂಟ್, ಮೇಡಂ. ಟೂ ಮಚ್ ವಾಂಟ್. ಪ್ಲೀಸ್ ಆಸ್ಕ್."

ಸರ್ ಬಿಸ್ಕತ್ತಿನ ತಟ್ಟೆಯನ್ನು ನೋಡುತ್ತಿದ್ದರು. ಮೇಡಂ ಎದ್ದು ನಿಂತು ಕನ್ನಡದಲ್ಲೇ, "ಅಯ್ಯೋ, ಇದನ್ನ ಕನ್ನಡದಲ್ಲೇ ಹೇಳ್ಬಹುದಿತ್ತಲ್ಲಮ್ಮ. ಪೋಷಕರನ್ನ ನಾವು ಇಂಗ್ಲಿಷಲ್ಲಿ ಏನೂ ಕೇಳೋದೇ ಇಲ್ಲ" ಎಂದರು.

"ಕನ್ನಡದಾಗ ಹೇಳಿದ್ರ ಅಳು ಬರ್ತಿತ್ತರೀ" ಎಂದೆ.

ಅವರು ದುರ್ಗಿಯನ್ನು ಕರೆಸಿದರು. ಮೊದಲು ಕುರ್ಚಿ ತೋರಿಸಿದರು. ಅವಳು ನನ್ನನ್ನು ನೋಡಿದಳು, ನಾನು ತಲೆಯಾಡಿಸಿದೆ, ಕೂತಳು. ನಾನೂ ಕೂತೆ. ಬಸ್ಸಿನಲ್ಲಿ ನಿಂತು ಬಂದ ಕಾಲುಗಳು ಆಗ ನೆನಪಾದವು.

"ದುರ್ಗಾದೇವಿ, ವಿಲ್ ಯು ಟೇಕ್ ಇಟ್?"

"ಯೆಸ್ ಮೇಡಂ. ಐ ವಿಲ್ ಟೇಕ್ ಇಟ್."

"ಇನ್ನೂ ಎರಡು ಸಲ ಕೇಳ್ಬೇಕಾ?"

"ಬ್ಯಾಡ್ರಿ ಮೇಡಂ."

"ಈ ಬೇಡ ನಿಜವಾದ ಬೇಡವಾ?" ಎಂದು ಅವರು ಕೇಳಿದ್ದಕ್ಕೆ ಸರ್ ಮೊದಲ ಸಲ ಗಟ್ಟಿಯಾಗಿ ನಕ್ಕರು. ಮೇಡಂ ಪಕ್ಕಕ್ಕಿಟ್ಟಿದ್ದ ಕಾಗದವನ್ನು ಮತ್ತೆ ಬಿಡಿಸಿ ಸಹಿ ಮಾಡಿದರು. ಜೂನ್ ಮೊದಲ ವಾರ ಹಾಸಿಗೆ, ತಟ್ಟೆ ತಂದು ಬಿಟ್ಟು ಹೋಗಿರಿ ಎಂದರು.

ಗೇಟಿನ ಹೊರಗಿನ ಗಾಡಿಯಿಂದ ಖಾಜಾಮಿಯಾಗೆ ಚಹಾ ತಂದುಕೊಟ್ಟೆ. ಬೇಡವ್ವಾ ಎಂದ. ಬೇಡವೇ ಬೇಡ ಎಂದ. ಮೂರನೆಯ ಸಲ ಬಟ್ಟಲನ್ನು ಕೈಗೇ ಇಟ್ಟೆ, ಕುಡಿದ. ನನಗೆ ಅವನ ಕಾಲಿಗೆ ಬೀಳಬೇಕು ಅನ್ನಿಸಿತ್ತು. ಅಷ್ಟು ಮಂದಿಯ ನಡುವೆ ಆಗಲಿಲ್ಲ.

ಸುರಪುರದಲ್ಲಿ ಇಳಿದವರೇ ಮನೆಗೆ ಹೋಗದೆ ರಂಗಂಪೇಟೆಗೆ ನಡೆದೆವು. ಟೀಚರ್ ಬಾಗಿಲಲ್ಲೇ ಕೋಲು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ದುರ್ಗಿ ಓಡಿ ಹೋಗಿ ಸೀಟಿನ ಸುದ್ದಿ ಹೇಳಿದಳು. ಆಮೇಲೆ ನಾನು ಒಳಗೆ ಏನೇನು ಮಾತಾಡಿದೆ ಎಂದು ಒಂದಕ್ಷರ ಬಿಡದೆ, ನನ್ನ ದನಿಯಲ್ಲೇ ಆಡಿ ತೋರಿಸಿದಳು. ಟೀಚರ್ ನಗುನಗುತ್ತಾ ಕುರ್ಚಿಗೆ ಕುಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಗ್ರಾಮರ್ ಪೂರಾ ಮಣ್ಣಪಾಲು ಮಾಡೀದಲ್ಲ ಅಮೃತಾ!"

"ಹೌದ್ರಿ ಟೀಚರ್."

"ಅವರಿಗೆ ತಿಳೀತು?"

"ತಿಳೀತ್ರೀ."

"ಮತ್ತಿನ್ನೇನು?"

ಅವರಿಗೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಬರುತ್ತಾ ಯೋಚಿಸಿದ್ದೆ. ಉಪಕಾರ ಆಯಿತು ಅನ್ನುವ ಮಾತನ್ನು ನಮ್ಮವರಿಗೆ ನಾವು ಬಾಯಿಬಿಟ್ಟು ಅನ್ನುವುದಿಲ್ಲ, ಅಂದರೆ ಹೊರಗಿನವರ ಹಾಗೆ ಆಗುತ್ತದೆ. ಆದ್ದರಿಂದ ಒಳಗೆ ಹೋಗಿ ಅವರ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿ ತೆಗೆದೆ. ಭುಜ ನೋಯುತ್ತಿತ್ತು. ಆ ದಿನದ ಮುಯ್ಯಿ ಇನ್ನೂ ಬಾಕಿ ಇತ್ತು. ಬಿಸಿ ಬಿಸಿಯಾಗಿ ನಾಲ್ಕು ಬಡಿದೆ. ಮೂವರೂ ಕೂತು ಉಂಡೆವು.

ಜೂನ್ ತಿಂಗಳಲ್ಲಿ ದುರ್ಗಿ ಯಾದಗಿರಿಗೆ ಹೋದಳು. ನನ್ನ ಬಾಯಲ್ಲಿ ಇಂಗ್ಲಿಷ್ ಆಡಿಸುತ್ತೇನೆ ಎಂದು ಜಹೀರುನ್ನೀಸಾ ಟೀಚರ್ ಕೊಟ್ಟಿದ್ದ ಮಾತು ನಡೆಯಿತು.